ಮುಳ್ಳು ಸರಿಸಿ ಓಟು ಕೇಳಿದ್ದು

ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದವನು ನಾನೊಬ್ಬನೇ. ಹಗಲೆಲ್ಲ ಗಜೇಂದ್ರಗಡದ ನೇಕಾರರ ಮನೆಯಲ್ಲಿ ದುಡಿದು, ಮೂರನೇ ಸಲಕ್ಕೆ ಇಂಗ್ಲಿಷ್ ಪಾಸಾಗಿ ಪಡೆದ ಪದವಿ ಅದು. ಹೀಗಾಗಿ ರೋಣ ಮತಕ್ಷೇತ್ರಕ್ಕೆ ಪಕ್ಷೇತರರಾಗಿ ನಿಂತ ಗೌಡರು, "ತಮ್ಮಾ, ನೀ ಓದಿದಾಂವ. ನಿಮ್ಮವ್ವನ ತವರೂರಿನ ಹೊಣಿ ನಿಂದು" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಯಾಕೆ ಕೇಳಿದರು ಎಂಬುದಷ್ಟೇ ಆಶ್ಚರ್ಯ.

ಗೌಡರದು ಒಂದೇ ಮಾತು: ಹಿರಿಯರ ಪದ್ಧತಿ ಉಳಿಯಬೇಕು. ಕರಪತ್ರ ನಾನೇ ಬರೆದೆ. 'ಹಿರಿಯರ ಪದ್ಧತಿ ಮುರಿಯಲು ಬಿಡೆವು.' ಆ 'ಬಿಡೆವು' ಹೊಳೆಯಲು ಅರ್ಧ ದಿನ ಹಿಡಿದಿತ್ತು. ಆ ಊರಿನ ಓಟು ತಂದುಕೊಟ್ಟರೆ ಅವರ ಕಚೇರಿಯಲ್ಲಿ ನನಗೊಂದು ಕುರ್ಚಿ ಎಂದಿದ್ದರು.

ಮಂಗಳವಾರ ಗೌಡರ ಜೊತೆ ಪ್ರಚಾರಕ್ಕೆ ಹೊರಟಾಗ ಅವ್ವ ಬಾಗಿಲಿಗೆ ಬಂದಳು. "ಇವತ್ತ ಬ್ಯಾಡೋ. ಇವತ್ತ ಆ ಊರಾಗ..."

"ಅವ್ವಾ, ನಾ ಎಲ್ಲಾ ವಿಚಾರ ಮಾಡೇನಿ" ಎಂದು ಚಪ್ಪಲಿ ಮೆಟ್ಟಿದೆ.

ಅಸೂಟಿ ದಾಟಿ ಆ ಊರ ಅಗಸಿ ಬಾಗಿಲಿಗೆ ಬಂದರೆ ಜಾಲಿಮುಳ್ಳು ಅಡ್ಡ ಹಾಕಿತ್ತು. ಮುಳ್ಳಿನ ಮೇಲೆ ಬೇವಿನ ತಪ್ಪಲು. ಪ್ರಚಾರದ ಆಟೋ ಓಡಿಸುತ್ತಿದ್ದ ಮೌಲಾಸಾಬ ಇಂಜಿನ್ ಬಂದ್ ಮಾಡಿದ.

"ಇದನ್ನ ಬೇಕಂತನ ಹಾಕ್ಯಾರ್ರಿ ಸರ. ವಾಪಸ್ ಹೋಗೂಣು."

"ಎದುರಿನವರ ಕಿತಾಪತಿ ಇದು" ಎಂದು ತೀರ್ಪು ಕೊಟ್ಟು ನಾನೇ ಮುಳ್ಳು ಎಳೆದೆ. ಕೈ ಗೀರಿತು. ಗೌಡರು ಮೆಚ್ಚಿ ತಲೆಯಾಡಿಸಿದರು.

ಒಳಗೆ ಮಟಮಟ ಮಧ್ಯಾಹ್ನ. ಒಂದು ನಾಯಿಯೂ ಬೊಗಳಲಿಲ್ಲ. ಯಾವ ಮನೆಯ ಮೇಲೂ ಹೊಗೆಯಿಲ್ಲ. ಬಾಗಿಲಿಗೆಲ್ಲ ಕೀಲಿ, ಕೀಲಿಗೆಲ್ಲ ಬೇವು. ಗುಡಿಸಿ ನೀರು ಹೊಡೆದ ಓಣಿಯಲ್ಲಿ ಒಂದು ಹೆಜ್ಜೆ ಗುರುತೂ ಇಲ್ಲ. ಮೈಕಿನಲ್ಲಿ "ಬಂಧುಗಳೇ" ಎಂದೆ. ಕಡೆಯ ಓಣಿಯಿಂದ "ಬಂಧುಗಳೇ" ಎಂದು ತಿರುಗಿ ಬಂತು. ತುಸು ತಡವಾಗಿ. ತುಸು ಸಣ್ಣ ದನಿಯಲ್ಲಿ.

"ಮಂದಿ ಎಲ್ಲೋ?" ಗೌಡರು ಪಿಸುಗುಟ್ಟಿದರು.

"ಹೊಲಕ್ಕ ಹೋಗಿರಬೇಕ್ರಿ. ಕರಪತ್ರ ಹಾಕಿ ಹೋಗೂಣು."

ಗೌಡರು ಒಂದೊಂದೇ ಕೀಲಿಗೆ ಕೈಮುಗಿಯುತ್ತ ನಡೆದರು. ನಾನು ಬಾಗಿಲ ಸಂದಿಯಲ್ಲಿ ಕರಪತ್ರ ತುರುಕುತ್ತ ಹೋದೆ. ಕಡೆಯ ಮನೆಯಲ್ಲಿ ಅರ್ಧ ತುರುಕಿದ್ದೆ. ಉಳಿದರ್ಧವನ್ನು ಒಳಗಿನಿಂದ ಯಾರೋ ಎಳೆದುಕೊಂಡರು. ಮೆಲ್ಲಗೆ. ಬಳೆ ಸದ್ದಾಯಿತು.

ಕೀಲಿ ಹೊರಗಿನಿಂದ ಹಾಕಿತ್ತು.

ನಾನು ಪದವೀಧರ, ದೆವ್ವ ನಂಬುವವನಲ್ಲ. ಆದ್ದರಿಂದ ಓಡಲಿಲ್ಲ. ಚಪ್ಪಲಿ ಅಲ್ಲೇ ಬಿಟ್ಟು ಭಾಳ ಲಗೂ ನಡೆದೆ. ಗೌಡರು ನನಗಿಂತ ಮುಂದಿದ್ದರು.

ಆಟೋ ಊರಿನ ಆಚೆ ತುದಿಯ ಮುಳ್ಳನ್ನೂ ಎಳಕೊಂಡು ಹೊರಬಿತ್ತು. ಅಲ್ಲಿ, ಬೇವಿನ ಗಿಡಗಳ ಕೆಳಗೆ, ಇಡೀ ಊರು ಕೂತಿತ್ತು. ಮುದುಕರು, ಕೂಸು, ಕೋಳಿ, ನಾಯಿ ಸಮೇತ. ಒಲೆಗಳ ಮೇಲೆ ಅಡುಗೆ ಬೇಯುತ್ತಿತ್ತು. ಗಾಬರಿಯಲ್ಲಿ ಮೌಲಾಸಾಬನ ಕೈ ಯಾವ ಗುಂಡಿಗೆ ತಗುಲಿತೋ, ರೆಕಾರ್ಡ್ ಮಾಡಿದ್ದ ನನ್ನ ದನಿ ಶುರುವಾಯಿತು: "ಹಿರಿಯರ ಪದ್ಧತಿ ಮುರಿಯಲು ಬಿಡೆವು!"

ಸೋದರಮಾವ ಎದ್ದು ಬಂದ.

"ಅಳಿಯಾ, ಇವತ್ತ ಹೊರಬೀಡು. ಊರು ಖಾಲಿ ಮಾಡಿ ಬರ್ತೀವಿ. ಹೊತ್ತು ಮುಳುಗೂತನಕ ಒಳಗ ಊರಮ್ಮ ಒಬ್ಬಾಕೀನ ಅಡ್ಡಾಡ್ತಾಳ. ಮುತ್ಯಾನ ಕಾಲದಿಂದ ಯಾರೂ ಮುಳ್ಳು ಮುಟ್ಟಿದ್ದಿಲ್ಲ. ನಿಮ್ಮವ್ವ ಹೇಳಲಿಲ್ಲೇನು?"

"ಹೇಳಾಕ ಬಂದಿದ್ಲು."

"ಮತ್ತ?"

"ನಾ ಓದಿದಾಂವ ಅಲ್ಲೇನು ಮಾವಾ."

ನಾನು ಮುಳ್ಳು ಮುಟ್ಟಿ ಹೊರಬೀಡು ಕೆಟ್ಟಿದ್ದರಿಂದ ಮುಂದಿನ ಮಂಗಳವಾರ ಇಡೀ ಊರು ಗಂಟು ಕಟ್ಟಿ ಎರಡನೇ ಸಲ ಹೊರಬೀಡು ಮಾಡಬೇಕಾಯಿತು. ದಿನವಿಡೀ ಕೂತು ಮಾತಾಡಲು ಅವರಿಗೆ ನಾನೊಬ್ಬನೇ ವಿಷಯ. ಅದಾದ ಮೇಲೆ ಮತದಾನ.

ಗೌಡರು ಸೋತರು. ಕುರ್ಚಿಯ ಮಾತು ಮತ್ತೆ ಎತ್ತಲಿಲ್ಲ. ಆ ಊರಿನಲ್ಲಿ ಅವರಿಗೆ ಬಿದ್ದದ್ದು ಒಂದೇ ಓಟು. ಮಾವನಿಗೆ ಫೋನ್ ಮಾಡಿ, "ಉಪಕಾರ ಆತು" ಎಂದೆ.

"ನಾ ಹಾಕಿಲ್ಲ. ನಿಮ್ಮತ್ತೀನೂ ಹಾಕಿಲ್ಲ. ಇಡೀ ಊರು ಊರಮ್ಮನ ಭಂಡಾರ ಮುಟ್ಟಿ ಆಣಿ ಮಾಡೈತಿ, ಒಬ್ಬರೂ ಹಾಕಿಲ್ಲ." ಆಮೇಲೆ ದನಿ ತಗ್ಗಿಸಿದ. "ನಿನ್ನ ಚಪ್ಪಲಿ ಕಡೇ ಮನಿ ಮುಂದ ಅದಾವು. ಯಾರೂ ಮುಟ್ಟವಲ್ಲರು. ಬಂದು ಒಯ್ಯಿ."

ಇನ್ನೂ ಹೋಗಿಲ್ಲ. ಅಂಜಿಕೆಯೇನಲ್ಲ. ನನ್ನ ಕರಪತ್ರವನ್ನು ಓದಿ ನಂಬಿದವಳು ಇಡೀ ಊರಿನಲ್ಲಿ ಒಬ್ಬಳೇ. ಆಕೆ ಎದುರಿಗೆ ಬಂದು, "'ಬಿಡೆವು' ಅಂತ ಬರದಾಂವ ನೀನಾ? ಮುಳ್ಳು ಎಳದಾಂವ ಯಾರು?" ಎಂದು ಕೇಳಿದರೆ ಏನು ಹೇಳಲಿ? ಬಿ.ಎ.ದಲ್ಲಿ ಆ ಪ್ರಶ್ನೆ ಬಂದಿರಲಿಲ್ಲ.

ಸದ್ಯ ಅವ್ವನ ಹಳೇ ಚಪ್ಪಲಿ ಮೆಟ್ಟಿಕೊಂಡು ಅಡ್ಡಾಡುತ್ತಿದ್ದೇನೆ.