ಬಂದವರಿಗೊಂದು ಡೈರೆಕ್ಟರಿ

ನನ್ನ ನೆನಪಿಗೊಂದು ದುರ್ಗುಣವಿದೆ. ತಪ್ಪು ಹೇಳುವಾಗಲೇ ಅದರ ದನಿ ಗಟ್ಟಿಯಾಗಿರುತ್ತದೆ. ಮೊನ್ನೆ ಅತ್ತೆಯನ್ನು ಬಂಗಾರಪೇಟೆಯಿಂದ ಕರೆತಂದಾಗ ಕೊಡೆಯನ್ನು ಮಾರಿಕುಪ್ಪಂ ರೈಲಿನಲ್ಲೇ ಬಿಟ್ಟೆನೆಂದು ಅದು ಸಾಕ್ಷಿ ಹೇಳಿತು. ಕಿಟಕಿಯ ಕಂಬಿಗೆ ನೇತುಬಿದ್ದ ಕೊಡೆಯ ಹಿಡಿ ಕೂಡ ನನಗೆ ಕಣ್ಣಿಗೆ ಕಟ್ಟಿದಂತಿತ್ತು. ಹಾಗೆಂದೇ ಡೈರಿಯಲ್ಲಿ ಬರೆದೆ. ಡೈರಿ ಸೇರಿದ ಮೇಲೆ ಸುಳ್ಳಿಗೂ ಒಂದು ಗೌರವ ಬಂದುಬಿಡುತ್ತದೆ.

ಇಂಥ ನೆನಪನ್ನು ನಂಬಿಕೊಂಡು ಮನೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಂಡಿದ್ದೇನೆ. ಅದರಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ಸಾಲದು, ಅದನ್ನು ಒಂದು ಡೈರೆಕ್ಟರಿಯ, ಅಂದರೆ ಕಂಪ್ಯೂಟರಿನದೇ ಒಂದು ಖಾಲಿ ಫೋಲ್ಡರಿನ, ಮೇಲೆ ಕೂರಿಸಬೇಕು. ತಾನಾಗಿ ಕೂರುವ ಏರ್ಪಾಡೇನೋ ಇತ್ತು; ಬಲ್ಲವನೆಂಬ ಜಂಬಕ್ಕೆ ನಾನೇ ತೆಗೆದುಹಾಕಿದ್ದೆ. ಬಂದು ಹೋಗುವ ಡಿಸ್ಕುಗಳಿಗೆ ‘ಮೀಡಿಯಾ’, ಯಜಮಾನ ಕೈಯಾರೆ ಸ್ವಲ್ಪ ಹೊತ್ತು ಕೂರಿಸುವುದಕ್ಕೆ ‘ಎಂಎನ್‌ಟಿ’ ಎಂದು ತಿಳಿದವರು ಜಾಗ ಗೊತ್ತುಮಾಡಿದ್ದಾರೆ. ನಾನು ಎಲ್ಲವನ್ನೂ ಎಂಎನ್‌ಟಿಯಲ್ಲೇ ಕೂರಿಸುತ್ತಿದ್ದೆ. ಉರಿಗಾಂನ ನಮ್ಮ ಮನೆಯಲ್ಲೂ ಬಾಗಿಲ ಹಿಂದೆ ಇರುವುದು ಒಂದೇ ಮೊಳೆ. ಯಾರು ಬಂದರೂ ಚೀಲ ಅದಕ್ಕೇ.

ಮಾವ ತೀರಿಕೊಂಡ ಮೇಲೆ ಅತ್ತೆ ಬಂದದ್ದು ಇದೇ ಮೊದಲು. ಮಾವ ನಮ್ಮೊಡನೆ ಕನ್ನಡ ಆಡುತ್ತಿದ್ದರು, ಹಸುವಿನೊಡನೆ ಮಾತ್ರ ತೆಲುಗು. ಅವರು ಹಸುವನ್ನು ಕೂಗಿ ಕರೆಯುವ ದನಿಯನ್ನು ನನ್ನ ಹೆಂಡತಿ ಸುಮ ಒಮ್ಮೆ ಫೋನಿನಲ್ಲಿ ಹಿಡಿದಿದ್ದಳು. ಆ ಫೋನು ಕೆಡುವ ಮುಂಚೆ ನಾನು ಅದನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿದ್ದೆ. ಇದೂ ನನ್ನ ನೆನಪಿನದೇ ಹೇಳಿಕೆ.

“ಅಸು ಸರಿಯಾಗಿ ಆಲು ಕೊಡ್ತಿಲ್ಲ ಅಳಿಯಂದ್ರೇ. ನಾನು ಕರೆದ್ರೆ ಮಕ ತಿರುಗಿಸ್ತದೆ. ಅವರ ದನಿ ಒಂದ್ಸಲ ಕೇಳಿಸಾನ ಅಂತ,” ಎಂದರು ಅತ್ತೆ. “ನನಗೇನೂ ಬ್ಯಾಡ. ಅಸೂಗೆ.”

ಪೆನ್‌ಡ್ರೈವ್ ಕೂರಿಸಿ ನೋಡಿದೆ. ಮದುವೆಯ ಫೋಟೋಗಳಿದ್ದವು, ನಾನು ಎಂದೂ ಓದದ ಪುಸ್ತಕಗಳಿದ್ದವು. ಮಾವ ಇರಲಿಲ್ಲ.

“ಅಳಿಸಿಬಿಟ್ರೇನ್ರೀ?” ಎಂದಳು ಸುಮ, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

“ಓಗ್ಲಿ ಬಿಡೇ. ಅವರು ಇದ್ದಾಗ್ಲೂ ಕರೆದ ತಕ್ಷಣ ಎಲ್ಲಿ ಸಿಗ್ತಿದ್ರು,” ಎಂದು ಅತ್ತೆ ನಗಲು ನೋಡಿದರು.

ಹುಡುಕಲು ಇನ್ನೇನೂ ಉಳಿಯದೆ ಪೆನ್‌ಡ್ರೈವನ್ನು ಇಳಿಸಿದೆ. ಆಗ ಖಾಲಿಯಾಗಿರಬೇಕಾದ ಎಂಎನ್‌ಟಿಯಲ್ಲಿ ಒಂದೇ ಒಂದು ಫೈಲು ಕಂಡಿತು. ಕಾಪಿ ಮಾಡಿದ ದಿನ ಪೆನ್‌ಡ್ರೈವ್ ಕೂರಿಸಿದ್ದೇನೆಂದು ನಾನು ಅಂದುಕೊಂಡಿದ್ದೆ, ಅಷ್ಟೆ, ಕೂರಿಸಿರಲಿಲ್ಲ. ಮಾವ ಪೆನ್‌ಡ್ರೈವ್ ಹತ್ತದೆ ಬರಿ ನೆಲದಲ್ಲೇ, ಆ ಡೈರೆಕ್ಟರಿಯೊಳಗೇ, ಉಳಿದಿದ್ದರು. ಆಮೇಲೆ ಬಂದ ಡಿಸ್ಕುಗಳೆಲ್ಲ ಅವರ ಮೇಲೆ ಕೂತು ಅವರನ್ನು ಮರೆಮಾಡಿದ್ದವು. ಅಳಿಸಿರಲಿಲ್ಲ.

“ದಾ ತಲ್ಲಿ, ದಾ ದಾ...” ಬಾ ತಾಯಿ ಬಾ ಎಂದು ಹಸುವನ್ನು ಕರೆಯಿತು ಮಾವನ ದನಿ. ಹಿಂದಿನಿಂದ ಅತ್ತೆಯದೇ ಗೊಣಗಾಟ: “ನನ್ನ ಒಂದಿನಾನಾದ್ರೂ ಇಷ್ಟು ನಯವಾಗಿ ಕರೆದಿದ್ದೀರಾ?”

“ನೀನೂ ಒದೆಯೋದು ನಿಲ್ಸು, ಕರೀತೀನಿ.”

ಮಾವನ ನಗುವಿನೊಂದಿಗೆ ಅದು ಮುಗಿಯಿತು. ಅತ್ತೆ ಸ್ಪೀಕರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು. “ಇನ್ನೊಂದ್ಸಲ ಆಕಿ,” ಎಂದರು. “ಅಸೂಗೆ ಸರಿಯಾಗಿ ಕೇಳಿಸ್ತದಾ ನೋಡಾನ.” ಹಸುವಿನ ಪರವಾಗಿ ಅವರು ಸಂಜೆಯವರೆಗೂ ಕೇಳಿದರು.

ಅವರ ಫೋನಿಗೆ ಅದನ್ನು ಹಾಕಿಕೊಡುತ್ತಾ, ಇನ್ನು ಮೇಲೆ ಬಂದವರೆಲ್ಲ ಮೀಡಿಯಾಕ್ಕೇ, ಒಬ್ಬೊಬ್ಬರಿಗೂ ಬೇರೆ ಹೆಸರಿನ ಜಾಗ ಎಂದು ನಾನು ಸುಮಳಿಗೆ ದೊಡ್ಡ ಭಾಷಣವನ್ನೇ ಬಿಗಿದೆ. ಅತ್ತೆ ರೈಲಿಗೆ ಹೊರಟು ಮೊಳೆಯಿಂದ ಚೀಲ ತೆಗೆದರು. ಅದರ ಹಿಂದೆ ನನ್ನ ಕೊಡೆ ನೇತಾಡುತ್ತಿತ್ತು.

ಸುಮ ಕೊಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಇನ್ನೊಂದು ಮೊಳೆ ಹೊಡೆದುಬಿಡೋಣ ಎಂದು ಈಗ ಸುತ್ತಿಗೆ ಹುಡುಕುತ್ತಿದ್ದೇನೆ. ಅದನ್ನು ಎಲ್ಲಿಟ್ಟಿದ್ದೇನೆಂದು ನನಗೆ ಖಚಿತವಾಗಿ ನೆನಪಿದೆ. ಆದ್ದರಿಂದ ಅಲ್ಲೊಂದು ಬಿಟ್ಟು ಉಳಿದ ಕಡೆಯೆಲ್ಲ ನೋಡುತ್ತಿದ್ದೇನೆ.