ಕುಂದಿಲ್ಲದ ಮನೆ

ಬಚ್ಚಲಿನ ನಲ್ಲಿ ಎಷ್ಟೋ ವರ್ಷಗಳಿಂದ ತೊಟ್ಟಿಕ್ಕುತ್ತಲೇ ಇತ್ತು. ಆದರೆ ಅದರ ಸದ್ದು ಕನ್ನಡಕದಂಗಡಿಯ ಯಜಮಾನರ ಕಿವಿಗೆ ಬಿದ್ದದ್ದು ಅಂದು ಬೆಳಿಗ್ಗೆ, ದಲ್ಲಾಳಿಯ ಫೋನು ಬಂದ ಮೇಲೆ.

"ಮನೆ ತಗೊಳ್ಳೋರ ಕಡೆ ಇಂಜಿನಿಯರು ಮಧ್ಯಾಹ್ನ ಬರ್ತಾರೆ. ಸೂರಿಂದ ಚರಂಡಿವರೆಗೂ ನೋಡ್ತಾರಂತೆ. ಅವರು ಬರೆದುಕೊಟ್ಟ ಮೇಲೇ ವ್ಯಾಪಾರ" ಎಂದಷ್ಟೇ ಹೇಳಿ ದಲ್ಲಾಳಿ ಫೋನಿಟ್ಟಿದ್ದ.

ಊರಿನವರ ಕಣ್ಣಿನ ದೋಷವನ್ನು ಕೂದಲೆಳೆಯಷ್ಟೂ ತಪ್ಪದೆ ಹೇಳುತ್ತಿದ್ದ ಯಜಮಾನರು ತಮ್ಮ ಮನೆಯನ್ನು ಮೊದಲ ಸಲ ಕಣ್ಣುಬಿಟ್ಟು ನೋಡಿದರು. ಬಚ್ಚಲಿನ ಗೋಡೆಯಲ್ಲಿ ಹಬ್ಬಿದ ತೇವದ ಕಲೆ. ಭುಜ ಕೊಟ್ಟು ತಳ್ಳದೆ ತೆರೆಯದ ಬಾಗಿಲು. ಗುದ್ದಿದರಷ್ಟೇ ದೀಪ ಹೊತ್ತಿಸುವ ಸ್ವಿಚ್ಚು. ಹಾಲುಹಲ್ಲಿನಂತೆ ಅಲುಗಾಡುವ ಮೆಟ್ಟಿಲಿನ ಕಟಕಟೆ.

ಮನೆ ಮಾರಹೊರಟದ್ದೇ ಆ ಮೆಟ್ಟಿಲಿನ ದೆಸೆಯಿಂದ. ಮಲಗುವ ಕೋಣೆ ಇದ್ದದ್ದು ಮೇಲೆ. ಹೆಂಡತಿಯ ಮಂಡಿಗಳು ಹತ್ತುವ ಕೆಲಸಕ್ಕೆ ಎಂದೋ ರಾಜೀನಾಮೆ ಕೊಟ್ಟಿದ್ದವು. ಆಕೆ ಒಂದೊಂದು ಮೆಟ್ಟಿಲಿಗೂ ಕೂತು ಕೂತು ಹತ್ತುವಾಗ, "ನೋವೇನಿಲ್ಲಾರೀ, ಕೂತ್ರೆ ತಂಪಾಗಿರತ್ತೆ, ಅದಕ್ಕೇ" ಎನ್ನುತ್ತಿದ್ದರು. ಬೀದಿಯ ತುದಿಯಲ್ಲಿ ಮೆಟ್ಟಿಲಿಲ್ಲದ ಪುಟ್ಟ ಮನೆಯೊಂದು ಮಾರಾಟಕ್ಕಿತ್ತು. ಅದರ ಒಡೆಯರು ಇವರ ಮಾತಿಗಾಗಿ ಅಂದಿನ ಸಂಜೆಯವರೆಗೆ ಮಾತ್ರ ಕಾಯುವವರಿದ್ದರು.

ಯಜಮಾನರು ಸ್ಪ್ಯಾನರ್ ಹಿಡಿದು ನಲ್ಲಿಯನ್ನು ಒಂದು ಸುತ್ತು ಬಿಗಿ ಮಾಡಿದರು. ನಲ್ಲಿ ಕೈಗೇ ಬಂತು. ನೀರು ಸೀದಾ ಮುಖಕ್ಕೆ ಚಿಮ್ಮಿತು.

ಅವರ ಕೂಗು ಕೇಳಿ ಪಕ್ಕದ ಮನೆಯ ಹೊಲಿಗೆಯಮ್ಮ ಕೊರಳಿನ ಅಳತೆಪಟ್ಟಿ ಸಮೇತ ಓಡಿಬಂದರು. ಬೆನ್ನಿಗೇ ಎದುರುಮನೆಯ ನಿವೃತ್ತ ಡ್ರಿಲ್ ಮಾಸ್ತರರು.

"ಅಯ್ಯೋ ಅಣ್ಣಾ, ಸ್ನಾನ ಮಾಡೋದಾದ್ರೆ ಅಂಗಿ ಬಿಚ್ಚಬಾರದಾ?" ಎಂದರು ಹೊಲಿಗೆಯಮ್ಮ.

"ತಮಾಷೆ ಸಾಕು ತಾಯಿ! ಮನೆ ನೋಡೋಕೆ ಇಂಜಿನಿಯರು ಬರ್ತಾನೆ!"

"ಬರ್ಲಿ ಬಿಡಿ, ನಾವೇನು ಸತ್ತಿದೀವಾ?" ಎಂದು ಮಾಸ್ತರರು ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿದರು. ನೀರು ಓರೆಯಾಗಿ ಸಿಡಿದು ಹೊಲಿಗೆಯಮ್ಮನಿಗೂ ಸ್ನಾನವಾಯಿತು.

"ಟ್ಯಾಂಕಿನ ವಾಲ್ವ್ ಮುಚ್ಚಬಾರದೇನ್ರೀ?" ಎಂದು ಒಳಗಿನಿಂದ ಹೆಂಡತಿ ಕೇಳಿದ ಮೇಲೆಯೇ ಮೂವರು ಬುದ್ಧಿವಂತರಿಗೂ ಅದು ಹೊಳೆದದ್ದು.

ಆಮೇಲೆ ಮನೆ ರಣರಂಗವಾಯಿತು. ಮಾಸ್ತರರು ಮನೆಗೆ ಹೋಗಿ ತಮಗೆಂದು ತಂದಿಟ್ಟುಕೊಂಡಿದ್ದ ಹೊಸ ನಲ್ಲಿಯನ್ನು ತಂದು, "ಹಳೇದು, ಮೂಲೇಲಿ ಬಿದ್ದಿತ್ತು" ಎಂದು ಸುಳ್ಳು ಹೇಳಿ ಕೂರಿಸಿದರು. ಸ್ವಿಚ್ಚು ಬದಲಾಯಿಸಿದರು, ಬಾಗಿಲಿನ ಅಂಚು ಹೆರೆದರು, ಕಟಕಟೆಗೆ ಉದ್ದುದ್ದ ಸ್ಕ್ರೂ ಬಿಗಿದರು. ಹೊಲಿಗೆಯಮ್ಮ ಗಿರಾಕಿಗಳ ಬಟ್ಟೆ ಬದಿಗಿಟ್ಟು ಬಚ್ಚಲಿನ ಗೋಡೆ ಕೆರೆದರು. ತೇವ ಆರಲಿಲ್ಲವೆಂದು ಇಸ್ತ್ರಿಪೆಟ್ಟಿಗೆ ತಂದು ಗೋಡೆಗೇ ಇಸ್ತ್ರಿ ಹಾಕಿ, ಮೇಲೆ ಬಣ್ಣ ಬಳಿದರು. ಬಣ್ಣದ ಡಬ್ಬಿ ಹಿಡಿದು ನಿಲ್ಲುವುದೊಂದೇ ಯಜಮಾನರ ಪಾಲಿನ ಕೆಲಸ. ಅವರು ಆಯಾಸವೆಂದು ಹಸಿ ಗೋಡೆಗೆ ಒರಗಿದರು. ಗೋಡೆಗೆ ಮತ್ತೊಮ್ಮೆ ಬಣ್ಣ ಬೇಕಾಯಿತು. ಯಜಮಾನರ ಬೆನ್ನಿಗೆ ಬೇಕಾಗಲಿಲ್ಲ.

ಇಂಜಿನಿಯರು ಬಂದರು. ಸೌಮ್ಯ ಮುಖದ ನಡುವಯಸ್ಕರು. ವೈದ್ಯರು ರೋಗಿಯ ಬೆನ್ನು ತಟ್ಟುವಂತೆ ಗೋಡೆಗಳನ್ನು ತಟ್ಟುತ್ತ ಹೊರಟರು.

"ನಲ್ಲಿ ಸೋರಲ್ವಾ?"

"ಒಂದು ಹನೀನೂ ಇಲ್ಲ ಸ್ವಾಮಿ."

ಇಂಜಿನಿಯರ ಮುಖ ಸಣ್ಣದಾಯಿತು.

"ಗೋಡೆ ತೇವ?"

"ಮುಟ್ಟಿ ನೋಡಿ, ಬೆಚ್ಚಗಿದೆ!" ಎಂದರು ಹೊಲಿಗೆಯಮ್ಮ, ಹೆತ್ತ ಮಗುವನ್ನು ತೋರಿಸುವಂತೆ.

ಇಂಜಿನಿಯರು ಹರಳೆಣ್ಣೆ ಕುಡಿದವರಂತೆ ಮುಖ ಮಾಡಿದರು. ಕೊನೆಗೆ ಎರಡೂ ಕೈಯಿಂದ ಕಟಕಟೆ ಹಿಡಿದು ಜಗ್ಗಿದರು. ಕಟಕಟೆ ಅಲುಗಲಿಲ್ಲ, ಅವರೇ ಅಲುಗಿದರು.

"ಎದೆ ಎತ್ತಿ ನಿಲ್ಲಿ, ಗೆದ್ವಿ!" ಎಂದು ಮಾಸ್ತರರು ಯಜಮಾನರ ಕಿವಿಯಲ್ಲಿ ಪಿಸುಗುಟ್ಟಿದರು.

ಇಂಜಿನಿಯರು ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತರು. "ಹಳೇ ಮನೆ, ಇವತ್ತೋ ನಾಳೆಯೋ ಅನ್ನೋ ಹಾಗಿದೆ ಅಂದಿದ್ರಲ್ಲ ದಲ್ಲಾಳಿ! ನಮ್ಮ ಸಾಹುಕಾರರಿಗೆ ಬೇಕಾಗಿರೋದು ಜಾಗ. ಮನೆ ಒಡೆದು ಅಂಗಡಿ ಸಾಲು ಕಟ್ಟಬೇಕು. ವಾಸಕ್ಕೆ ಲಾಯಕ್ಕಿಲ್ಲ ಅಂತ ನಾನು ಬರೆದುಕೊಟ್ರೆ ಮಾತ್ರ ಪುರಸಭೆಯೋರು ಒಡೆಯೋಕೆ ಬಿಡೋದು. ಇಂಥ ಮನೇಗೆ ನಾನು ಏನಂತ ಬರೀಲಿ?"

ಯಜಮಾನರ ಎತ್ತಿದ ಎದೆ ಹಾಗೆಯೇ ಇಳಿಯಿತು.

"ಅಷ್ಟೇ ತಾನೇ?" ಮಾಸ್ತರರು ಅಂಗಿಯ ತೋಳು ಮಡಿಚಿದರು. "ಒಂದರ್ಧ ಗಂಟೆ ಆಚೆ ತಿರುಗಾಡಿ ಬನ್ನಿ. ಹಾಳು ಮಾಡಿಕೊಡ್ತೀವಿ!"

"ಕಣ್ಣಾರೆ ನೋಡಿಬಿಟ್ನಲ್ಲ ಮಾಸ್ತರೇ. ಸುಳ್ಳು ಬರೆಯೋಕೆ ಕೈ ಬರಲ್ಲ. ಕ್ಷಮಿಸಿ."

ಬೀದಿ ತುದಿಯ ಮನೆಯ ಮಾತು ಅಲ್ಲಿಗೆ ಮುಗಿಯಿತು. ಯಜಮಾನರು ಹೆಂಡತಿಯ ಮಂಡಿಯತ್ತ ನೋಡಿದರು. ಮಕ್ಕಳು ಒಡೆದ ಲೋಟವನ್ನು ಬಚ್ಚಿಡುವಂತೆ, ಆಕೆ ಎರಡೂ ಕೈಯಿಂದ ಮಂಡಿ ಮುಚ್ಚಿಕೊಂಡರು.

ಅದನ್ನು ನೋಡಿ ತಡೆಯಲಾರದೆ ಹೊಲಿಗೆಯಮ್ಮನೇ ಬಾಯಿಬಿಟ್ಟರು. "ಅಲ್ಲಾ ಅಣ್ಣಾ, ಅಕ್ಕ ಮೇಲೆ ಹತ್ತೋದು ಯಾಕೆ? ಮಂಚಾನೇ ಕೆಳಗಿಳಿಸಿದ್ರಾಯ್ತಪ್ಪ!"

ಇಷ್ಟು ದಿನ ಈ ಮಾತು ಯಾರ ತಲೆಗೂ ಬಂದಿರಲಿಲ್ಲ. ನಾಚಿಕೆಪಡಲೂ ಪುರುಸೊತ್ತಿಲ್ಲದಂತೆ ಎಲ್ಲರೂ ಮೇಲೆ ಓಡಿದರು. ಯಾರೂ ಕರೆಯದಿದ್ದರೂ ಇಂಜಿನಿಯರು ತಮ್ಮ ಚೀಲ ಕೆಳಗಿಟ್ಟು ಬಂದು ಮಂಚದ ಒಂದು ಕಾಲಿಗೆ ಹೆಗಲು ಕೊಟ್ಟರು. ಹೆಂಡತಿ ಕೆಳಗೆ ನಿಂತು, "ನಿಧಾನ, ಯಾರ ಬೆರಳೂ ಸಿಕ್ಕಿಕೊಳ್ಳದ ಹಾಗೆ ನೋಡ್ಕೊಳ್ಳಿ" ಎನ್ನುತ್ತಿದ್ದರು.

ಬಡಗಿ ಮೇಲಿನ ಕೋಣೆಯಲ್ಲೇ ಕೂತು ಮಾಡಿದ್ದ ಮಂಚ ಮೆಟ್ಟಿಲಿನ ತಿರುವಿನಲ್ಲಿ ನಿಂತಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬಾರದು. ಮಾಸ್ತರರು, ಇಂಜಿನಿಯರು, ಹೊಲಿಗೆಯಮ್ಮ ಮಂಚದ ಈಚೆಗೆ. ಬೆನ್ನತುಂಬ ಬಣ್ಣ ಹೊತ್ತ ಯಜಮಾನರೊಬ್ಬರೇ ಆಚೆಗೆ, ಮೇಲೆ.

ಹೊಲಿಗೆಯಮ್ಮ ಅಳತೆಪಟ್ಟಿ ಹಿಡಿದರು. "ಎರಡು ಬೆರಳಷ್ಟು ಜಾಗ ಕಮ್ಮಿ ಅಣ್ಣಾ."

"ಹಾಗಾದ್ರೆ ಗೋಡೇನ ಎರಡು ಬೆರಳು ಒಡೀರಿ ಸ್ವಾಮೀ!" ಯಜಮಾನರು ಮಂಚದ ಆಚೆಯಿಂದ ಗೋಗರೆದರು.

ಹೆಗಲ ಮೇಲೆ ಮಂಚದ ಕಾಲು ಹೊತ್ತ ಇಂಜಿನಿಯರು ನಿಜವಾದ ಮರುಕದಿಂದಲೇ ಹೇಳಿದರು: "ಅದಕ್ಕೂ ಪುರಸಭೆ ಒಪ್ಪಿಗೆ ಬೇಕು ಯಜಮಾನ್ರೇ."

"ಒಪ್ಪಿಗೆ ಬಂದಾಗ ಬರ್ಲಿ ಕಣಪ್ಪಾ" ಎಂದರು ಹೆಂಡತಿ, ಕೆಳಗಿನಿಂದ ತಿಂಡಿಯ ತಟ್ಟೆ ಚಾಚುತ್ತ. "ಮೊದಲು ಇದನ್ನ ಆಚೆ ದಾಟಿಸಿಕೊಡು. ಬೆಳಗಿಂದ ಅವರು ಏನೂ ತಿಂದಿಲ್ಲ."