ಕೈ ತೊಳೆದುಕೊಳ್ಳುವುದೆಂದರೆ ನೀರಿನಿಂದ

ಸುತ್ತೋಲೆ
ಸಂಖ್ಯೆ: ಕೈತೊ/ಸ್ಪಷ್ಟೀಕರಣ/ತುರ್ತು (ಹಿಂದಿನ ತುರ್ತುಗಳು ಬಾಕಿ ಇವೆ)

ವಿಷಯ: ‘ಕೈ ತೊಳೆದುಕೊಳ್ಳುವುದು’ ಎಂಬುದರ ಸರಿಯಾದ ಅರ್ಥ ಹಾಗೂ ಕಚೇರಿಯ ಕ್ಯಾಂಟೀನಿನ ಬಗ್ಗೆ.

ಉಲ್ಲೇಖ: (1) ಇದೇ ಕಚೇರಿಯ ಹಿಂದಿನ ಸುತ್ತೋಲೆ.
(2) ಕೆಳಗೆ ಸಹಿ ಮಾಡಿರುವ ಅಧೀಕ್ಷಕರ ಹೊಟ್ಟೆ.

1. ‘ಸಿಬ್ಬಂದಿಯು ಊಟಕ್ಕೆ ಮೊದಲು ಕಡ್ಡಾಯವಾಗಿ ಕೈ ತೊಳೆದುಕೊಳ್ಳತಕ್ಕದ್ದು’ ಎಂದು ಉಲ್ಲೇಖ (1)ರಲ್ಲಿ ಸೂಚಿಸಲು ಉದ್ದೇಶಿಸಲಾಗಿತ್ತು. ಬೆರಳಚ್ಚುಗಾರರು ‘ಊಟಕ್ಕೆ ಮೊದಲು’ ಎಂಬುದನ್ನು ಬಿಟ್ಟುಬಿಟ್ಟ ಕಾರಣ, ಸಿಬ್ಬಂದಿಯು ತಮ್ಮ ಮೇಜಿನ ಮೇಲಿದ್ದ ಸಕಲ ಕಡತಗಳಿಂದಲೂ ಕೈ ತೊಳೆದುಕೊಂಡು, ‘ಸುತ್ತೋಲೆಯಂತೆ ಕ್ರಮ ಜರುಗಿಸಿದೆ’ ಎಂದು ಷರಾ ಬರೆದಿರುತ್ತಾರೆ. ಈ ಕಚೇರಿಯಲ್ಲಿ ಸುತ್ತೋಲೆಯೊಂದು ಇಷ್ಟು ಬೇಗ ಪಾಲನೆಯಾದದ್ದು ಇದೇ ಮೊದಲೆಂಬುದನ್ನು ಪ್ರಶಂಸೆಯೊಂದಿಗೆ ಗಮನಿಸಲಾಗಿದೆ.

2. ಹಾಗೆ ಕೈ ತೊಳೆದುಕೊಂಡವರಲ್ಲಿ ಪಂಪು ರಿಪೇರಿ ಶಾಖೆಯೂ ಸೇರಿರುತ್ತದೆ. ಆದುದರಿಂದ ಪಂಪು ಕೆಟ್ಟು, ನಲ್ಲಿಗಳು ಒಣಗಿ, ನಿಜವಾಗಿ ಕೈ ತೊಳೆಯಲು ನೀರಿಲ್ಲದಂತಾಗಿ, ಸಿಬ್ಬಂದಿಯ ಹೊಟ್ಟೆಗಳು ಶಾಖಾವಾರು ಕೆಟ್ಟಿರುತ್ತವೆ. ಹೊಟ್ಟೆ ಕೆಟ್ಟರೆ ಕ್ಯಾಂಟೀನೇ ಕಾರಣವೆಂಬ ವಾಡಿಕೆಯಂತೆ, ಕ್ಯಾಂಟೀನ್ ನಡೆಸುವ, ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಮಹಿಳೆಯನ್ನು ಸೋಮವಾರದಿಂದ ತೆಗೆದುಹಾಕುವ ಆದೇಶವನ್ನು ಅಧೀಕ್ಷಕರ ಸಹಿಗೆ ಮಂಡಿಸಲಾಗಿತ್ತು.

3. ವಿಚಾರಣೆಯಲ್ಲಿ ಆಕೆ, “ಮೊದ್ಲು ನನ್ ಕೈ ನೋಡಿ ಸಾರ್, ಆಮೇಲೆ ನಿಮ್ಮದು ನೋಡ್ಕೊಳಿ. ಈ ಕ್ಯಾಂಟೀನ್ ಹೋದ್ರೆ ನಮ್ಮನೇಲಿ ಒಲೆ ಹೇಗೆ ಉರೀಬೇಕು ಅಂತಾನೂ ಅದ್ರಲ್ಲೇ ಬರೆದುಬಿಡಿ” ಎಂದು ಹೇಳಿಕೆ ನೀಡಿರುತ್ತಾರೆ. ಪರಿಶೀಲಿಸಲಾಗಿ ಆಕೆಯ ಕೈಗಳು ಶುಚಿಯಾಗಿರುವುದು ಕಂಡುಬಂದಿದೆ. ಮನೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತರುವುದಾಗಿ ಆಕೆಯೇ ಒಪ್ಪಿಕೊಂಡಿರುವುದರಿಂದ, ಕಚೇರಿಯ ಕೊರತೆಯನ್ನು ಪೂರ್ವಾನುಮತಿಯಿಲ್ಲದೆ ನೀಗಿಸಿದ ಆರೋಪವನ್ನೂ ಸೇರಿಸಲಾಯಿತು.

4. ಈ ನಡುವೆ, ಲೋಕದ ಜನ ಕೈ ತೊಳೆಯುವ ಬಗೆಗಳನ್ನು ಅಧ್ಯಯನ ಮಾಡಲು ಕಚೇರಿಯ ಖರ್ಚಿನಲ್ಲಿ ದೇಶದೇಶ ಸುತ್ತಿಬಂದ ತಂಡವು ವರದಿ ಸಲ್ಲಿಸಿರುತ್ತದೆ. ಕೆಲವೆಡೆ ಸೋಪು, ಕೆಲವೆಡೆ ಬೂದಿ. ಕೆಲವರು ಊಟಕ್ಕೆ ಮುಂಚೆ, ಕೆಲವರು ಬರೀ ಆಮೇಲೆ. ಇನ್ನು ಕೆಲವರು ಬಿಸಿಗಾಳಿಯ ಯಂತ್ರಕ್ಕೆ ಕೈಯೊಡ್ಡಿ ನಿಂತು, ಬೇಸರವಾಗಿ, ಕೊನೆಗೆ ಪ್ಯಾಂಟಿಗೇ ಒರೆಸಿಕೊಳ್ಳುತ್ತಾರೆ. ಕೈ ತೊಳೆಯುವವರಲ್ಲಿ ಭೇದಿಯೂ ಕೆಮ್ಮುನೆಗಡಿಯೂ ಕಡಿಮೆ ಎಂದು ತಂಡ ಕಂಡುಕೊಂಡಿದೆ. ಇಷ್ಟು ತಮ್ಮ ಅಜ್ಜಿಗೂ ಗೊತ್ತಿತ್ತೆಂಬ ಲೆಕ್ಕಪತ್ರ ಗುಮಾಸ್ತರ ಆಕ್ಷೇಪಣೆಯನ್ನು, ಸದರಿ ಅಜ್ಜಿಯವರು ಪ್ರವಾಸ ಭತ್ಯೆ ಪಡೆದ ದಾಖಲೆ ಇಲ್ಲದ ಕಾರಣ ತಿರಸ್ಕರಿಸಲಾಗಿದೆ.

5. ಯಾರಾದರೂ ನೋಡುತ್ತಿದ್ದಾಗಲೇ ಜನ ಚೆನ್ನಾಗಿ ಕೈ ತೊಳೆಯುತ್ತಾರೆಂದು ತಂಡ ವರದಿ ಮಾಡಿರುವುದರಿಂದ, ತೊಳೆಯುವವರನ್ನು ಒಬ್ಬರು ನೋಡತಕ್ಕದ್ದು. ನೋಡುವವರನ್ನು ಇನ್ನೊಬ್ಬರು ನೋಡತಕ್ಕದ್ದು.
(ಅ) ನೀರು ಬರುವವರೆಗೆ ಒಣ ನಲ್ಲಿಯ ಕೆಳಗೆ ಅಭ್ಯಾಸ ಮುಂದುವರಿಸತಕ್ಕದ್ದು.
(ಆ) ಎಡಗೈಯನ್ನು ಬಲಗೈ, ಬಲಗೈಯನ್ನು ಎಡಗೈ ತೊಳೆಯುವುದು ಒಳಒಪ್ಪಂದದಂತೆ ಕಾಣುವುದರಿಂದ ಮೂರನೆಯ ಕೈಯ ಸಾಕ್ಷಿ ಅವಶ್ಯ.
(ಇ) ‘ಕೈ ಬಿಸಿ ಮಾಡುವುದು’ ಬಿಸಿಗಾಳಿಯ ಯಂತ್ರದ ಕೆಳಗೆ ಮಾತ್ರ. ಇದುವರೆಗೆ ಬೇರೆಡೆ ಮಾಡಿಕೊಂಡವರು ತಣ್ಣಗಾಗತಕ್ಕದ್ದು.

6. ಮೇಲ್ಕಂಡ ನಿಯಮಗಳನ್ನು ಬರೆಯಿಸುತ್ತಿರುವಾಗಲೇ ಅಧೀಕ್ಷಕರು ಉಲ್ಲೇಖ (2)ರ ನಿಮಿತ್ತ ಎದ್ದು ಓಡಬೇಕಾಯಿತು. (ಒಳಗಿನ ವಿವರಗಳು ಗೌಪ್ಯ.) ಹೊರಬಂದು, ಅಭ್ಯಾಸಬಲದಿಂದ ಸೋಪು ಹಚ್ಚಿಕೊಂಡು ನಲ್ಲಿ ತಿರುಗಿಸಲಾಗಿ, ನಲ್ಲಿಯು ಬುಸ್ಸೆಂದಿತೇ ಹೊರತು ಸಹಕರಿಸಲಿಲ್ಲ. ನಿಯಮ 5ರಂತೆ ಇಬ್ಬರು ಗುಮಾಸ್ತರು ಬಂದು ನೋಡಿದರು, ನೋಡಿ ಹೋದರು. ಆಗ ಅಕ್ಕ ಬಿಂದಿಗೆ ಹೊತ್ತು ಬಂದು, “ಹಿಡೀರಿ ಸಾರ್ ಕೈ. ನನ್ನ ಓಡಿಸೋಕೆ ಸಹಿ ಹಾಕೋ ಕೈ ಆದ್ರೂ ಚೊಕ್ಕವಾಗಿರ್ಲಿ” ಎಂದು ನೀರು ಹೊಯ್ದಿರುತ್ತಾರೆ. ಸೋಪು ಪೂರ್ತಿ ಹೋಗುವವರೆಗೂ ಹೊಯ್ದಿರುತ್ತಾರೆ. ಅಧೀಕ್ಷಕರಿಗೆ ನಾಚಿಕೆಯಾಯಿತು. ನಾಚಿಕೆಗೆ ಪ್ರತ್ಯೇಕ ನಮೂನೆ ಲಭ್ಯವಿಲ್ಲದ ಕಾರಣ ಅದನ್ನು ಇಲ್ಲಿಯೇ ದಾಖಲಿಸಲಾಗಿದೆ.

7. ಆದ್ದರಿಂದ, ಅಕ್ಕನನ್ನು ತೆಗೆದುಹಾಕುವ ಆದೇಶವನ್ನು ಈ ಮೂಲಕ ಕೈಬಿಡಲಾಗಿದೆ. ಹಿಂದಿನ ಅನುಭವದ ಹಿನ್ನೆಲೆಯಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸುವುದೇನೆಂದರೆ, ಕೈಬಿಟ್ಟಿರುವುದು ಆದೇಶವನ್ನು. ಅಕ್ಕನನ್ನಲ್ಲ. ಈ ಕಂಡಿಕೆಯನ್ನು ಬೆರಳಚ್ಚಿಗೆ ಕೊಡದೆ ಅಧೀಕ್ಷಕರು ಸ್ವತಃ, ತೊಳೆದ ಕೈಯಿಂದ, ಬರೆದಿರುತ್ತಾರೆ.

ಸಹಿ/-
ಅಧೀಕ್ಷಕರು
(ಮತ್ತೆ ಹೊರಗೆ ಹೋಗಿರುತ್ತಾರೆ)

ಪ್ರತಿಗಳು:
1. ಪಂಪು ರಿಪೇರಿ ಶಾಖೆಗೆ: ಕೈ ತೊಳೆದುಕೊಂಡು ಪಂಪಿನ ಬೆನ್ನು ಹತ್ತತಕ್ಕದ್ದು. ತೊಳೆಯಲು ನೀರಿಲ್ಲವೆಂಬ ನೆಪವನ್ನು ಪುರಸ್ಕರಿಸಲಾಗುವುದಿಲ್ಲ.
2. ಬೆರಳಚ್ಚುಗಾರರಿಗೆ: ಏನನ್ನೂ ಬಿಡದೆ ಓದಲು.
3. ಅಧ್ಯಯನ ತಂಡಕ್ಕೆ: ಮರಳಿ ಬಂದ ಮೇಲೆ (ಟವೆಲುಗಳ ಅಧ್ಯಯನಕ್ಕೆ ತೆರಳಿರುತ್ತಾರೆ).
4. ಲೆಕ್ಕಪತ್ರ ಗುಮಾಸ್ತರ ಅಜ್ಜಿಯವರಿಗೆ: ಗೌರವಪೂರ್ವಕವಾಗಿ.
5. ಅಕ್ಕನಿಗೆ: ಸೋಮವಾರ ಎಂದಿನಂತೆ ಬರಬೇಕಾಗಿ ಕೋರಲಾಗಿದೆ. ಬರುವಾಗ ಬಿಂದಿಗೆ ಮರೆಯಬಾರದಾಗಿಯೂ ಕೋರಲಾಗಿದೆ.